ಕಾಯುವ ಕಿಣ್ವವೇ ಕಾಡಿದಾಗ: ಸಂಧಿವಾತ ಮತ್ತು ದೇಹದ ಒಳಸಂದೇಶಗಳು

ಮಂಡಿ ನೋಯುತ್ತಿದೆ ಎಂದರೆ ‘ವಯಸ್ಸಾಯಿತು’ ಎನ್ನುವುದು ನಮ್ಮಲ್ಲಿ ರೂಢಿ. ಅರವತ್ತು ದಾಟಿದವರ ಮಟ್ಟಿಗೆ ಆ ಮಾತು ಬಹುಪಾಲು ಸರಿಯೂ ಹೌದು. ಬಹುಕಾಲ ದುಡಿದ ಕೀಲಿನ ಮೃದ್ವಸ್ಥಿ ಸವೆದು ಬರುವ ನೋವು ಅದು. ನಡೆದಾಗ ಹೆಚ್ಚುತ್ತದೆ, ವಿಶ್ರಾಂತಿ ಪಡೆದಾಗ ತಗ್ಗುತ್ತದೆ. ಆದರೆ ಮೂವತ್ತು ನಲವತ್ತರ ಪ್ರಾಯದ ಗೃಹಿಣಿಯೊಬ್ಬರು ಬೆಳಗ್ಗೆ ರೊಟ್ಟಿ ತಟ್ಟಲು ಬೆರಳು ಬಗ್ಗುತ್ತಿಲ್ಲ ಎಂದರೆ, ಪೂಜೆಗೆ ಕುಳಿತವರು ಎಡ ಅಂಗೈಯನ್ನು ಸಮವಾಗಿ ಚಾಚಿ ಹಿಡಿಯಲಾರದೆ ಹೋದರೆ, ಆ ಬಿಗಿತ ಒಂದು ಗಂಟೆ ಕಳೆದರೂ ಸಡಿಲವಾಗದಿದ್ದರೆ, ಅದನ್ನು ವಯಸ್ಸಿನ ಲೆಕ್ಕಕ್ಕೆ ಸೇರಿಸಿ ಸುಮ್ಮನಿರುವುದು ತರವಲ್ಲ. ಅದು ರುಮಟಾಯ್ಡ್ ಸಂಧಿವಾತದ ಆರಂಭವಾಗಿರಬಹುದು.

ಈ ಸಂಧಿವಾತದಲ್ಲಿ ಕೀಲು ಸವೆದು ಹಾಳಾಗುವುದಿಲ್ಲ. ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಕೀಲಿನ ಮೇಲೆ ಎರಗಿ ಅದನ್ನು ಹಾಳುಮಾಡುತ್ತದೆ. ಇಂತಹ ಕಾಯಿಲೆಗಳಿಗೆ ಸ್ವಯಂನಿರೋಧಕ ಕಾಯಿಲೆಗಳು ಎಂದು ಹೆಸರು. ವೈದ್ಯರು ಆಟೋಇಮ್ಯೂನ್ ಎನ್ನುವುದೂ ಇವನ್ನೇ. ತೊನ್ನು, ಸೋರಿಯಾಸಿಸ್, ಲೂಪಸ್, ಮಕ್ಕಳಲ್ಲಿ ಕಾಣುವ ಮೊದಲ ಬಗೆಯ ಮಧುಮೇಹ, ಥೈರಾಯ್ಡ್ ಗ್ರಂಥಿಯ ಕೆಲವು ತೊಂದರೆಗಳು ಇದೇ ಗುಂಪಿಗೆ ಸೇರಿದವು. ರುಮಟಾಯ್ಡ್ ಸಂಧಿವಾತವೊಂದೇ ವಯಸ್ಕರಲ್ಲಿ ನೂರಕ್ಕೆ ಸುಮಾರು ಅರ್ಧದಿಂದ ಒಬ್ಬರವರೆಗೆ ಕಂಡುಬರುತ್ತದೆ. ಪುರುಷರಿಗಿಂತ ಸ್ತ್ರೀಯರಲ್ಲಿ ಎರಡು ಮೂರು ಪಟ್ಟು ಹೆಚ್ಚು.

ರಕ್ಷಿಸುವ ಶಕ್ತಿಯೇ ಭಕ್ಷಿಸಲು ತೊಡಗುವುದು ಹೇಗೆ? ಈ ಪ್ರಶ್ನೆಗೆ ಕಳೆದ ಮೂರು ದಶಕಗಳಲ್ಲಿ ದೊರೆತ ಉತ್ತರದ ಒಂದು ಮುಖ್ಯ ಭಾಗ ನಮ್ಮ ಜೀವಕೋಶಗಳ ಒಳಗಿರುವ ಕೆಲವು ಕಿಣ್ವಗಳಲ್ಲಿದೆ. ಆ ಕಿಣ್ವಗಳನ್ನು ತಡೆಯುವ ಮಾತ್ರೆಗಳು ಈಗ ನಮ್ಮ ಜಿಲ್ಲಾ ಕೇಂದ್ರಗಳ ಔಷಧದ ಅಂಗಡಿಗಳಿಗೂ ಬಂದಿವೆ. ಆದುದರಿಂದ ಇವುಗಳ ಗುಣವನ್ನೂ ಮಿತಿಯನ್ನೂ ಸಾಮಾನ್ಯರು ಅರಿತಿರುವುದು ಅಗತ್ಯ.

ಸಂದೇಶದಿಂದಲೇ ನಡೆಯುವ ಸೈನ್ಯ

ರೋಗನಿರೋಧಕ ವ್ಯವಸ್ಥೆಯನ್ನು ಸೈನ್ಯಕ್ಕೆ ಹೋಲಿಸುವುದು ವಾಡಿಕೆ. ಬಿಳಿ ರಕ್ತಕಣಗಳೇ ಅದರ ಸೈನಿಕರು. ಇವರು ರಕ್ತದಲ್ಲಿ, ಗುಲ್ಮದಲ್ಲಿ, ದುಗ್ಧಗ್ರಂಥಿಗಳಲ್ಲಿ, ಚರ್ಮದಲ್ಲಿ, ಕರುಳಿನ ಗೋಡೆಯಲ್ಲಿ ಚದುರಿಹೋಗಿದ್ದಾರೆ. ಎಲ್ಲರಿಗೂ ಆಜ್ಞೆ ಕೊಡುವ ಒಬ್ಬ ಸೇನಾಪತಿ ಇಲ್ಲಿಲ್ಲ. ಒಂದು ಕಣ ಮತ್ತೊಂದಕ್ಕೆ ಕಳುಹಿಸುವ ಸಂದೇಶಗಳಿಂದಲೇ ಇಡೀ ವ್ಯವಸ್ಥೆ ನಡೆಯಬೇಕು. ಈ ಸಂದೇಶಗಳು ಸೈಟೊಕೈನ್ ಎಂಬ ಚಿಕ್ಕ ಪ್ರೋಟೀನುಗಳು. ‘ಇಲ್ಲಿ ವೈರಸ್ ಬಂದಿದೆ’, ‘ಇನ್ನಷ್ಟು ಕಣಗಳು ಬೇಕು’, ‘ಸಾಕು, ಹಿಂದಿರುಗಿ’ ಎಂಬ ಒಂದೊಂದು ಮಾತಿಗೂ ಒಂದೊಂದು ಸೈಟೊಕೈನ್ ಇದೆ.

ಜ್ವರ ಬಂದಾಗ ಮೈಕೈ ನೋಯುವುದು, ಊಟ ಸೇರದಿರುವುದು, ಸುಸ್ತಾಗುವುದು ಬಹುಮಟ್ಟಿಗೆ ಈ ಸಂದೇಶಗಳ ಪರಿಣಾಮವೇ. ಇಂಟರ್‌ಲ್ಯೂಕಿನ್-6 ಎಂಬ ಸೈಟೊಕೈನ್ ಯಕೃತ್ತನ್ನು ತಲಪಿದಾಗ ಯಕೃತ್ತು ಸಿ-ರಿಯಾಕ್ಟಿವ್ ಪ್ರೋಟೀನನ್ನು ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಕೀಲುನೋವಿನವರಿಗೆ ವೈದ್ಯರು ಬರೆದುಕೊಡುವ ಸಿಆರ್‌ಪಿ ರಕ್ತಪರೀಕ್ಷೆ ಅಳೆಯುವುದು ಇದನ್ನೇ. ದೇಹದೊಳಗೆ ಉರಿಯೂತದ ಸಂದೇಶ ಎಷ್ಟು ಜೋರಾಗಿ ಹರಿಯುತ್ತಿದೆ ಎಂಬುದಕ್ಕೆ ಅದೊಂದು ಅಳತೆಗೋಲು.

ಸೈಟೊಕೈನ್ ಜೀವಕೋಶದ ಒಳಗೆ ಹೋಗುವುದಿಲ್ಲ. ಕೋಶದ ಹೊರಪೊರೆಯ ಮೇಲಿರುವ ಗ್ರಾಹಿಯನ್ನು ಮುಟ್ಟಿ ನಿಲ್ಲುತ್ತದೆ. ಊರ ಅಗಸೆಯಲ್ಲಿ ನಿಂತ ಓಲೆಕಾರನ ಸುದ್ದಿಯನ್ನು ಒಳಗಿನವರು ಯಾರಾದರೂ ಕೇಳಿ ಚಾವಡಿಗೆ ಮುಟ್ಟಿಸಬೇಕಷ್ಟೆ. ಜೀವಕೋಶದಲ್ಲಿ ಆ ಕೆಲಸ ಮಾಡುವವು ಜೇನಸ್ ಕೈನೇಸ್ ಎಂಬ ಕಿಣ್ವಗಳು. ಇವನ್ನು ಸಂಕ್ಷೇಪವಾಗಿ ಜ್ಯಾಕ್ ಎನ್ನುತ್ತಾರೆ.

ಎರಡು ಮುಖದ ಕಿಣ್ವ

ಕೈನೇಸ್ ಎಂಬುದು ಒಂದು ದೊಡ್ಡ ಕಿಣ್ವ ಕುಟುಂಬ. ಎಟಿಪಿ ಎಂಬ ಶಕ್ತಿಕಣದಿಂದ ರಂಜಕದ ಒಂದು ತುಣುಕನ್ನು ತೆಗೆದು ಬೇರೊಂದು ಪ್ರೋಟೀನಿಗೆ ಅಂಟಿಸುವುದು ಇವುಗಳ ಕೆಲಸ. ರಂಜಕ ಅಂಟಿದೊಡನೆ ಆ ಪ್ರೋಟೀನಿನ ಆಕಾರ ಬದಲಾಗಿ ಅದು ಎಚ್ಚರಗೊಳ್ಳುತ್ತದೆ. ರಂಜಕ ಕಳಚಿದರೆ ವಿರಮಿಸುತ್ತದೆ. ದೀಪದ ಗುಂಡಿಯನ್ನು ಒತ್ತಿ ಆರಿಸುವಂತೆ ಜೀವಕೋಶದ ಎಷ್ಟೋ ಕೆಲಸಗಳು ಹೀಗೆ ನಡೆಯುತ್ತವೆ. ಈ ತತ್ತ್ವವನ್ನು ಕಂಡುಹಿಡಿದ ಎಡ್ಮಂಡ್ ಫಿಷರ್ ಮತ್ತು ಎಡ್ವಿನ್ ಕ್ರೆಬ್ಸ್ ಅವರಿಗೆ 1992ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಮನುಷ್ಯನ ದೇಹದಲ್ಲಿ ಐನೂರಕ್ಕೂ ಹೆಚ್ಚು ಬಗೆಯ ಕೈನೇಸ್‌ಗಳಿವೆ.

ಅವುಗಳಲ್ಲಿ ನಾಲ್ಕು ಮಾತ್ರ ಜೇನಸ್ ಗುಂಪಿನವು: ಜ್ಯಾಕ್-1, ಜ್ಯಾಕ್-2, ಜ್ಯಾಕ್-3 ಮತ್ತು ಟಿಕ್-2. ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದಲ್ಲಿ ಆಂಡ್ರೂ ವಿಲ್ಕ್ಸ್ ಎಂಬ ವಿಜ್ಞಾನಿ 1980ರ ದಶಕದ ಕೊನೆಯಲ್ಲಿ ಹೊಸ ಕೈನೇಸ್‌ಗಳನ್ನು ಹುಡುಕುತ್ತಿದ್ದಾಗ ಇವು ಕಣ್ಣಿಗೆ ಬಿದ್ದವು. ಇವುಗಳ ಉಪಯೋಗ ಏನೆಂದು ಆಗ ತಿಳಿದಿರಲಿಲ್ಲ. ‘ಇದೂ ಒಂದು ಕೈನೇಸ್ ಅಷ್ಟೇ’ ಎಂಬ ಅರ್ಥ ಬರುವ ಇಂಗ್ಲಿಷ್ ಮಾತಿನ ಮೊದಲಕ್ಷರಗಳನ್ನು ಕೂಡಿಸಿ ತಮಾಷೆಗೆ ಜ್ಯಾಕ್ ಎಂದರು. ಮುಂದೆ ಇವುಗಳ ರಚನೆ ಸ್ಪಷ್ಟವಾದಾಗ ಹೆಸರಿಗೆ ಗಂಭೀರವಾದ ಅರ್ಥ ಬಂತು. ಈ ಕಿಣ್ವದಲ್ಲಿ ಒಂದನ್ನೊಂದು ಹೋಲುವ ಎರಡು ಭಾಗಗಳಿವೆ. ಒಂದು ಕೆಲಸ ಮಾಡುತ್ತದೆ. ಇನ್ನೊಂದು ಅದನ್ನು ಹಿಡಿತದಲ್ಲಿಡುತ್ತದೆ. ರೋಮನ್ನರ ಬಾಗಿಲ ದೇವತೆ ಜೇನಸ್‌ಗೆ ಎರಡು ಮುಖಗಳಿರುವುದರಿಂದ ಆ ದೇವತೆಯ ಹೆಸರನ್ನೇ ಇಟ್ಟರು.

ಇದೇ ಹೊತ್ತಿಗೆ ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಡಾರ್ನೆಲ್ ಮತ್ತು ಅವರ ಸಂಗಡಿಗರು ಇಂಟರ್‌ಫೆರಾನ್ ಎಂಬ ಸೈಟೊಕೈನ್‌ನ ಸಂದೇಶ ಕೋಶದ ಒಳಗೆ ಹೇಗೆ ಹೋಗುತ್ತದೆ ಎಂದು ಶೋಧಿಸುತ್ತಿದ್ದರು. ಅವರು ಸ್ಟ್ಯಾಟ್ ಎಂಬ ಪ್ರೋಟೀನುಗಳನ್ನು ಕಂಡುಹಿಡಿದರು. 1990ರ ದಶಕದ ಆರಂಭದಲ್ಲಿ ಈ ಎರಡು ಹಾದಿಗಳೂ ಒಂದಾದವು. ಸೈಟೊಕೈನ್ ಹೊರಗಿನಿಂದ ಗ್ರಾಹಿಯನ್ನು ಮುಟ್ಟಿದಾಗ ಒಳಗೆ ಜೋಡಿಯಾಗಿ ನಿಂತ ಜ್ಯಾಕ್ ಕಿಣ್ವಗಳು ಒಂದಕ್ಕೊಂದು ರಂಜಕ ಅಂಟಿಸಿ ಎಚ್ಚರಗೊಳ್ಳುತ್ತವೆ. ಬಳಿಕ ಸ್ಟ್ಯಾಟ್ ಪ್ರೋಟೀನಿಗೂ ರಂಜಕ ಅಂಟಿಸುತ್ತವೆ. ಎಚ್ಚರಗೊಂಡ ಸ್ಟ್ಯಾಟ್‌ಗಳು ಎರಡೆರಡಾಗಿ ಕೂಡಿ ಕೋಶಕೇಂದ್ರವನ್ನು ಹೊಕ್ಕು ಬೇಕಾದ ವಂಶವಾಹಿಗಳನ್ನು ಚಾಲನೆಗೊಳಿಸುತ್ತವೆ. ಇದಿಷ್ಟೂ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಐವತ್ತಕ್ಕೂ ಹೆಚ್ಚು ಸಂದೇಶಗಳು ಈ ನಾಲ್ಕೇ ಕಿಣ್ವಗಳನ್ನು ನೆಚ್ಚಿಕೊಂಡಿವೆ ಎಂಬುದನ್ನು ನೆನಪಿನಲ್ಲಿಡಬೇಕು. ಮುಂದೆ ಹೇಳಲಿರುವ ಲಾಭ ಮತ್ತು ಅಪಾಯ ಎರಡಕ್ಕೂ ಇದೇ ಮೂಲ.

ಸಂದೇಶ ಮುಟ್ಟಿದ ಮೇಲೆ ಅದನ್ನು ನಿಲ್ಲಿಸುವ ಏರ್ಪಾಡೂ ಕೋಶದಲ್ಲಿದೆ. ರಂಜಕವನ್ನು ಕಳಚುವ ಕಿಣ್ವಗಳಿವೆ. ಸಂದೇಶದ ಫಲವಾಗಿಯೇ ಹುಟ್ಟಿ ಜ್ಯಾಕ್ ಕಿಣ್ವವನ್ನು ಅಡಗಿಸುವ ಪ್ರೋಟೀನುಗಳಿವೆ. ಆರೋಗ್ಯವಂತರಲ್ಲಿ ಕರೆ ಬಂದಾಗ ಸೈನ್ಯ ಏಳುತ್ತದೆ, ಕೆಲಸ ಮುಗಿದಾಗ ಮಲಗುತ್ತದೆ.

ಇಲ್ಲದಿದ್ದರೂ ಆಪತ್ತು, ಅತಿಯಾದರೂ ಆಪತ್ತು

ಜ್ಯಾಕ್-3 ಕಿಣ್ವ ಹುಟ್ಟಿನಿಂದಲೇ ಇಲ್ಲದ ಶಿಶುಗಳ ವಿಚಾರವನ್ನು ವಿಜ್ಞಾನಿಗಳು 1995ರಲ್ಲಿ ವರದಿ ಮಾಡಿದರು. ಆ ಮಕ್ಕಳಲ್ಲಿ ‘ಟಿ’ ಬಗೆಯ ಬಿಳಿ ರಕ್ತಕಣಗಳು ಬೆಳೆಯುವುದೇ ಇಲ್ಲ. ಇತರ ಮಕ್ಕಳಿಗೆ ನಾಲ್ಕು ದಿನದ ನೆಗಡಿಯಾಗಿ ಹೋಗುವ ಸೋಂಕು ಇವರ ಪ್ರಾಣಕ್ಕೆ ಎರವಾಗುತ್ತದೆ. ಅಸ್ಥಿಮಜ್ಜೆಯ ಕಸಿ ಮಾಡದಿದ್ದರೆ ಬದುಕುವುದು ದುರ್ಲಭ. ಒಂದು ಕಿಣ್ವ ಇಲ್ಲವಾದರೆ ಇಡೀ ಕೋಟೆಯ ಬಾಗಿಲೇ ತೆರೆದಂತಾಗುತ್ತದೆ ಎಂಬುದನ್ನು ಈ ಶಿಶುಗಳ ಕಾಯಿಲೆ ತೋರಿಸಿತು.

ಈ ಸಂಗತಿಯೇ ಔಷಧದ ಆಲೋಚನೆಗೂ ದಾರಿಯಾಯಿತು. ಕಿಣ್ವ ಪೂರ್ತಿ ಇಲ್ಲದಿದ್ದರೆ ರೋಗನಿರೋಧಕ ವ್ಯವಸ್ಥೆ ಕುಸಿಯುತ್ತದೆ. ಹಾಗಾದರೆ ಆ ವ್ಯವಸ್ಥೆ ಕೆರಳಿ ನಿಂತವರಲ್ಲಿ ಕಿಣ್ವವನ್ನು ಸ್ವಲ್ಪ ತಗ್ಗಿಸಿದರೆ ಹೇಗೆ? ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಜಾನ್ ಓಶಿಯಾ ಮತ್ತಿತರರು ಎತ್ತಿದ ಈ ಪ್ರಶ್ನೆ ಮುಂದೆ ಮಾತ್ರೆಯ ರೂಪ ತಾಳಿತು.

ಟಿಕ್-2 ಕಿಣ್ವದ ಉದಾಹರಣೆ ಇನ್ನೂ ಬೋಧಪ್ರದವಾಗಿದೆ. ಯೂರೋಪ್ ಮೂಲದ ಕೆಲವರಲ್ಲಿ ಈ ಕಿಣ್ವದ ದುರ್ಬಲವಾದ ಒಂದು ರೂಪ ವಂಶದಿಂದ ಬಂದಿರುತ್ತದೆ. ಅಂಥವರಿಗೆ ಹಲವು ಸ್ವಯಂನಿರೋಧಕ ಕಾಯಿಲೆಗಳು ಬರುವ ಸಾಧ್ಯತೆ ಕಡಿಮೆ. ಆದರೆ ಆ ರೂಪವನ್ನು ತಂದೆ ತಾಯಿ ಇಬ್ಬರಿಂದಲೂ ಪಡೆದವರಿಗೆ ಕ್ಷಯರೋಗ ತಗಲುವ ಸಾಧ್ಯತೆ ಹೆಚ್ಚು. ನಿಸರ್ಗವೇ ಮಾಡಿ ತೋರಿಸಿದ ಪ್ರಯೋಗವಿದು. ಒಳಗಿನ ಬೆಂಕಿಯನ್ನು ತಗ್ಗಿಸಿದಷ್ಟೂ ಹೊರಗಿನ ಚಳಿಗೆ ಮೈಯೊಡ್ಡಬೇಕಾಗುತ್ತದೆ. ಎಷ್ಟು ತಗ್ಗಿಸಬೇಕು ಎಂಬ ಪ್ರಮಾಣವನ್ನು ಅರಿಯುವುದೇ ಚಿಕಿತ್ಸೆಯ ಮರ್ಮ.

ಕೀಲಿನೊಳಗೆ ನಡೆಯುವುದೇನು?

ಪ್ರತಿಯೊಂದು ಕೀಲಿಗೂ ತೆಳುವಾದ ಒಂದು ಒಳಪೊರೆ ಇದೆ. ಎಲುಬುಗಳು ಸುಲಭವಾಗಿ ಜಾರುವಂತೆ ಜಿಡ್ಡಾದ ದ್ರವವನ್ನು ಸ್ರವಿಸುವುದು ಅದರ ಕೆಲಸ. ರುಮಟಾಯ್ಡ್ ಸಂಧಿವಾತದಲ್ಲಿ ಬಿಳಿ ರಕ್ತಕಣಗಳು ಈ ಪೊರೆಯನ್ನು ಹೊಕ್ಕು ಇಂಟರ್‌ಲ್ಯೂಕಿನ್-6 ಮೊದಲಾದ ಸಂದೇಶಗಳನ್ನು ಸುರಿಯುತ್ತವೆ. ಆ ಸಂದೇಶಗಳನ್ನು ಜ್ಯಾಕ್ ಕಿಣ್ವಗಳು ಒಳಗೆ ಮುಟ್ಟಿಸುತ್ತವೆ. ಎಚ್ಚೆತ್ತ ಕೋಶಗಳು ಮತ್ತಷ್ಟು ಸಂದೇಶಗಳನ್ನು ಹೊರಡಿಸುತ್ತವೆ. ನಿಲ್ಲಬೇಕಾದ ಕರೆ ನಿಲ್ಲುವುದೇ ಇಲ್ಲ. ತೆಳುಪೊರೆ ದಪ್ಪನಾಗಿ ಬೆಳೆದು ಮೃದ್ವಸ್ಥಿಯ ಮೇಲೆ ಹಬ್ಬುತ್ತದೆ. ಎಲುಬನ್ನು ಕರಗಿಸುವ ಕೋಶಗಳು ಹೆಚ್ಚಿ ಕೀಲಿನ ಅಂಚನ್ನು ಕೊರೆಯುತ್ತವೆ. ಬೆರಳುಗಳು ಸೊಟ್ಟಗಾಗುವುದು ಹೀಗೆ. ಒಮ್ಮೆ ಕೊರೆದುಹೋದ ಎಲುಬು ಯಾವ ಔಷಧದಿಂದಲೂ ಮೊದಲಿನ ಸ್ಥಿತಿಗೆ ಬರುವುದಿಲ್ಲ.

ಸಂದೇಶಗಳು ರಕ್ತದಲ್ಲಿ ಹರಿಯುವುದರಿಂದ ಕೇಡು ಕೀಲಿಗಷ್ಟೇ ಸೀಮಿತವಲ್ಲ. ರಕ್ತಹೀನತೆ, ಸದಾ ಸುಸ್ತು, ಕಣ್ಣು ಒಣಗುವುದು, ಶ್ವಾಸಕೋಶದ ತೊಂದರೆ ಬರಬಹುದು. ಉರಿಯೂತ ವರ್ಷಗಟ್ಟಲೆ ಉಳಿದವರಲ್ಲಿ ಹೃದಯಾಘಾತದ ಸಾಧ್ಯತೆಯೂ ಹೆಚ್ಚು. ‘ಕೈಕಾಲು ನೋವಿನಿಂದ ಯಾರೂ ಸಾಯುವುದಿಲ್ಲ’ ಎಂಬ ಮಾತನ್ನು ಈ ಕಾಯಿಲೆಗೆ ಅನ್ವಯಿಸಬಾರದು.

ಇದು ಯಾರಿಗೆ ಏಕೆ ಬರುತ್ತದೆ ಎಂಬುದಕ್ಕೆ ಒಂದೇ ಕಾರಣವಿಲ್ಲ. ವಂಶದಿಂದ ಬಂದ ಒಲವು ಒಂದಿಷ್ಟು, ಅದರ ಮೇಲೆ ಹೊರಗಿನ ಪ್ರಚೋದನೆ ಒಂದಿಷ್ಟು. ಹೊರಗಿನ ಕಾರಣಗಳಲ್ಲಿ ಧೂಮಪಾನದ ಪಾತ್ರ ಚೆನ್ನಾಗಿ ಸ್ಥಾಪಿತವಾಗಿದೆ.

ತೊನ್ನು, ಕೂದಲು, ಸೋರಿಯಾಸಿಸ್

ಇದೇ ಕಿಣ್ವಗಳು ಚರ್ಮದ ಕೆಲವು ಕಾಯಿಲೆಗಳಲ್ಲೂ ಪಾಲುದಾರರು. ತೊನ್ನಿನಲ್ಲಿ ಗಾಮಾ ಇಂಟರ್‌ಫೆರಾನ್ ಎಂಬ ಸಂದೇಶ ಜ್ಯಾಕ್ ಕಿಣ್ವಗಳ ಮೂಲಕ ಹಾದು ಬಿಳಿ ರಕ್ತಕಣಗಳನ್ನು ಚರ್ಮಕ್ಕೆ ಕರೆತರುತ್ತದೆ. ಅವು ಬಣ್ಣ ಕೊಡುವ ಕೋಶಗಳನ್ನು ನಾಶಮಾಡುತ್ತವೆ. ತಲೆಯಲ್ಲಿ ನಾಣ್ಯದಗಲ ಕೂದಲು ಉದುರಿ ಬೋಳಾಗುವುದನ್ನು ಜನ ‘ಹುಳ ತಿಂದಿದೆ’ ಎನ್ನುತ್ತಾರೆ. ಅಲ್ಲಿ ಹುಳವೇನೂ ಇಲ್ಲ. ಕೂದಲಿನ ಬೇರನ್ನು ಬಿಳಿ ರಕ್ತಕಣಗಳು ಮುತ್ತಿರುತ್ತವೆ. ಈ ಕಾಯಿಲೆಯ ತೀವ್ರ ರೂಪಕ್ಕೆ ಬ್ಯಾರಿಸಿಟಿನಿಬ್ ಎಂಬ ಜ್ಯಾಕ್ ತಡೆ ಮಾತ್ರೆಯನ್ನೂ, ತೊನ್ನಿಗೆ ರುಕ್ಸೊಲಿಟಿನಿಬ್ ಎಂಬ ಮುಲಾಮನ್ನೂ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2022ರಲ್ಲಿ ಒಪ್ಪಿತು. ಅದೇ ವರ್ಷ ಸೋರಿಯಾಸಿಸ್‌ಗೆ ಟಿಕ್-2 ಕಿಣ್ವವನ್ನು ಮಾತ್ರ ತಡೆಯುವ ಡ್ಯುಕ್ರವಸಿಟಿನಿಬ್ ಬಂತು. ಇದು ಕಿಣ್ವದ ಕೆಲಸ ಮಾಡುವ ಮುಖವನ್ನು ಬಿಟ್ಟು ಹಿಡಿತದಲ್ಲಿಡುವ ಮುಖಕ್ಕೆ ಅಂಟಿಕೊಳ್ಳುತ್ತದೆ ಎಂಬುದು ವಿಶೇಷ.

ಇಲ್ಲಿ ಒಂದು ಸಾಮಾಜಿಕ ಮಾತನ್ನು ಹೇಳಲೇಬೇಕು. ತೊನ್ನು ಕುಷ್ಠವಲ್ಲ, ಅಂಟುರೋಗವಲ್ಲ, ಯಾರ ಪಾಪದ ಫಲವೂ ಅಲ್ಲ. ಒಳಸಂದೇಶದ ಒಂದು ಏರುಪೇರು ಅದು. ತೊನ್ನಿರುವವರೊಡನೆ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವುದಕ್ಕೂ ಅವರ ಮನೆಯೊಡನೆ ಸಂಬಂಧ ಬೆಳೆಸುವುದಕ್ಕೂ ಹಿಂಜರಿಯುವವರು ಇಂದಿಗೂ ಇದ್ದಾರೆ. ವಿಜ್ಞಾನ ತಿಳಿದ ಮೇಲಾದರೂ ಆ ಹಿಂಜರಿಕೆ ಹೋಗಬೇಕು.

ಔಷಧಗಳ ಹಾದಿ

ಸಂಧಿವಾತದ ಚಿಕಿತ್ಸೆಯಲ್ಲಿ ಇಂದಿಗೂ ಮೊದಲ ಸ್ಥಾನ ಮೆಥೊಟ್ರೆಕ್ಸೇಟ್ ಎಂಬ ಹಳೆಯ, ಅಗ್ಗದ ಮಾತ್ರೆಗೆ. ಇದರ ಹಿಂದೆ ಆಂಧ್ರದ ಭೀಮವರದಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ದುಡಿಮೆ ಇದೆ. ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಅವರ ನಿರ್ದೇಶನದಲ್ಲಿ 1940ರ ದಶಕದಲ್ಲಿ ಫೋಲಿಕ್ ಆಮ್ಲ ಮತ್ತು ಅದಕ್ಕೆ ಎದುರಾಗಿ ಕೆಲಸ ಮಾಡುವ ಔಷಧಗಳು ತಯಾರಾದವು, ಮೆಥೊಟ್ರೆಕ್ಸೇಟ್ ಅವುಗಳಲ್ಲೊಂದು. ಮೊದಲು ರಕ್ತದ ಕ್ಯಾನ್ಸರಿಗೆ ಬಳಸಿದ ಈ ಔಷಧವನ್ನು ಸಂಧಿವಾತಕ್ಕೆ ಅಮೆರಿಕದಲ್ಲಿ ವಿಧ್ಯುಕ್ತವಾಗಿ ಒಪ್ಪಿದ್ದು 1988ರಲ್ಲಿ. ಸುಬ್ಬರಾವ್ 1948ರಲ್ಲೇ ತೀರಿಕೊಂಡಿದ್ದರು. ಕೈನೇಸ್‌ಗಳು ರಂಜಕವನ್ನು ಪಡೆಯುವ ಎಟಿಪಿ ಕಣವನ್ನು 1929ರಲ್ಲಿ ಜರ್ಮನಿಯ ಕಾರ್ಲ್ ಲೋಮನ್ ಕಂಡುಹಿಡಿದಾಗ, ಅದೇ ಕಾಲದಲ್ಲಿ ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕೆ ಅವರೊಡನೆ ಸ್ವತಂತ್ರವಾಗಿ ಅದನ್ನು ಗುರುತಿಸಿದವರೂ ಈ ಸುಬ್ಬರಾವ್ ಅವರೇ.

ಜ್ಯಾಕ್ ತಡೆ ಮಾತ್ರೆಗಳು ಎಟಿಪಿ ಬಂದು ಕೂರಬೇಕಾದ ಜಾಗದಲ್ಲಿ ತಾವು ಕುಳಿತುಬಿಡುತ್ತವೆ. ಕಿಣ್ವಕ್ಕೆ ರಂಜಕ ಸಿಗದೆ ಸಂದೇಶ ಅಲ್ಲಿಗೇ ನಿಲ್ಲುತ್ತದೆ. ಸಂಧಿವಾತಕ್ಕೆ ಮೊದಲು ಬಂದದ್ದು ಟೊಫಾಸಿಟಿನಿಬ್. ಅಮೆರಿಕದಲ್ಲಿ 2012ರ ನವೆಂಬರಿನಲ್ಲಿ ಅದಕ್ಕೆ ಅನುಮತಿ ದೊರೆಯಿತು. ಬ್ಯಾರಿಸಿಟಿನಿಬ್, ಉಪಾಡಾಸಿಟಿನಿಬ್ ಬಳಿಕ ಬಂದವು. ಮೆಥೊಟ್ರೆಕ್ಸೇಟ್‌ಗೆ ಬಗ್ಗದ ಎಷ್ಟೋ ಜನರಿಗೆ ಇವು ಕೆಲವೇ ವಾರಗಳಲ್ಲಿ ನೆಮ್ಮದಿ ತಂದವು. ಇವಕ್ಕೆ ಮೊದಲು ಬಂದಿದ್ದ ಜೈವಿಕ ಔಷಧಗಳನ್ನು ಚುಚ್ಚುಮದ್ದಿನ ಮೂಲಕವೇ ಕೊಡಬೇಕು, ಬೆಲೆಯೂ ಹೆಚ್ಚು. ಇವು ಬಾಯಿಂದ ನುಂಗುವ ಮಾತ್ರೆಗಳು. ಟೊಫಾಸಿಟಿನಿಬನ್ನು ಈಗ ಭಾರತದ ಹಲವು ಕಂಪನಿಗಳು ತಯಾರಿಸುತ್ತಿರುವುದರಿಂದ ಬೆಲೆ ಮಧ್ಯಮವರ್ಗದವರ ಕೈಗೆ ಎಟಕುವಂತಾಗಿದೆ.

ಲಾಭದ ಮಗ್ಗುಲಲ್ಲೇ ಅಪಾಯ

ಕೈಗೆ ಎಟಕುವುದರಿಂದಲೇ ಎಚ್ಚರವೂ ಬೇಕು. ಸ್ವಯಂನಿರೋಧದ ಸಂದೇಶವನ್ನು ತಡೆಯುವ ಮಾತ್ರೆ ಸೋಂಕಿನ ವಿರುದ್ಧದ ಸಂದೇಶವನ್ನೂ ತಡೆಯುತ್ತದೆ. ಬೇಕಾದ ಓಲೆ ಯಾವುದು, ಬೇಡದ ಓಲೆ ಯಾವುದು ಎಂದು ಅದಕ್ಕೆ ತಿಳಿಯದು.

ನಮ್ಮ ದೇಶದಲ್ಲಿ ಮೊದಲ ಭಯ ಕ್ಷಯದ್ದು. ಪ್ರಪಂಚದ ಕ್ಷಯರೋಗಿಗಳಲ್ಲಿ ಸುಮಾರು ಕಾಲುಭಾಗ ಭಾರತದಲ್ಲೇ ಇದ್ದಾರೆ. ಅನೇಕರ ದೇಹದಲ್ಲಿ ಕ್ಷಯದ ರೋಗಾಣು ಯಾವ ಲಕ್ಷಣವೂ ಇಲ್ಲದೆ ಬೂದಿ ಮುಚ್ಚಿದ ಕೆಂಡದಂತೆ ಅಡಗಿರುತ್ತದೆ. ಕಾವಲು ಸಡಿಲವಾದಾಗ ಅದು ಹೊತ್ತಿಕೊಳ್ಳುತ್ತದೆ. ಆದುದರಿಂದ ಈ ಮಾತ್ರೆಗಳನ್ನು ಆರಂಭಿಸುವ ಮೊದಲು ಎದೆಯ ಕ್ಷಕಿರಣ ಹಾಗೂ ಅಡಗಿದ ಕ್ಷಯದ ಪರೀಕ್ಷೆ ಆಗಲೇಬೇಕು. ಯಕೃತ್ತಿನ ಬಿ ಮತ್ತು ಸಿ ವೈರಸ್ಸುಗಳ ಪರೀಕ್ಷೆಯೂ ಬೇಕು. ಎರಡನೆಯದು ಸರ್ಪಸುತ್ತು. ಬಾಲ್ಯದಲ್ಲಿ ಬಂದ ಸಿಡುಬಿನಂತಹ ನೀರುಕೋಟಲೆಯ ವೈರಸ್ ನರಗಳಲ್ಲಿ ಅಡಗಿದ್ದು ಮತ್ತೆ ಏಳುವುದೇ ಸರ್ಪಸುತ್ತು. ಈ ಔಷಧ ಸೇವಿಸುವವರಲ್ಲಿ ಅದು ಹೆಚ್ಚು. ಮೈಯ ಒಂದು ಪಕ್ಕದಲ್ಲಿ ಉರಿಯೊಡನೆ ಗುಳ್ಳೆಗಳೆದ್ದರೆ ಕೆಮ್ಮಣ್ಣು ಹಚ್ಚಿ ಕೂರದೆ ಅಂದೇ ವೈದ್ಯರನ್ನು ಕಾಣಬೇಕು.

ಮೂರನೆಯದು ಹೃದಯ ಮತ್ತು ಕ್ಯಾನ್ಸರಿಗೆ ಸಂಬಂಧಿಸಿದ್ದು. 50 ವರ್ಷ ದಾಟಿದ, ಹೃದ್ರೋಗಕ್ಕೆ ಎಡೆಮಾಡುವ ಕನಿಷ್ಠ ಒಂದು ಕಾರಣವಿದ್ದ 4,362 ಸಂಧಿವಾತ ರೋಗಿಗಳ ಮೇಲೆ ನಡೆದ ಅಧ್ಯಯನವೊಂದು 2022ರ ಜನವರಿಯಲ್ಲಿ ಪ್ರಕಟವಾಯಿತು. ಸುಮಾರು ನಾಲ್ಕು ವರ್ಷಗಳ ಅವಧಿಯಲ್ಲಿ ಹೃದಯಾಘಾತ, ಪಾರ್ಶ್ವವಾಯು ಮೊದಲಾದ ಗಂಭೀರ ಘಟನೆಗಳು ಟೊಫಾಸಿಟಿನಿಬ್ ಪಡೆದವರಲ್ಲಿ ಶೇಕಡಾ 3.4ರಷ್ಟು, ಟಿಎನ್‌ಎಫ್ ತಡೆ ಚುಚ್ಚುಮದ್ದು ಪಡೆದವರಲ್ಲಿ ಶೇಕಡಾ 2.5ರಷ್ಟು ಕಂಡವು. ಕ್ಯಾನ್ಸರ್ ಕ್ರಮವಾಗಿ ಶೇಕಡಾ 4.2 ಮತ್ತು 2.9. ಈ ಅಧ್ಯಯನದ ಆಧಾರದಿಂದಲೇ ಅಮೆರಿಕದ ನಿಯಂತ್ರಣ ಸಂಸ್ಥೆ 2021ರ ಸೆಪ್ಟೆಂಬರಿನಲ್ಲಿ ಈ ಬಗೆಯ ಮೂರು ಮಾತ್ರೆಗಳಿಗೂ ಕಟ್ಟುನಿಟ್ಟಿನ ಎಚ್ಚರಿಕೆಯನ್ನು ಸೇರಿಸಿತ್ತು. ವ್ಯತ್ಯಾಸ ನೂರಕ್ಕೆ ಒಬ್ಬರ ಆಸುಪಾಸಿನದು. ಆದರೂ ಅದನ್ನು ಕಡೆಗಣಿಸುವಂತಿಲ್ಲ. 65 ದಾಟಿದವರು, ಧೂಮಪಾನಿಗಳು, ಹೃದ್ರೋಗವಿದ್ದವರು, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ಇತಿಹಾಸವುಳ್ಳವರು ಬೇರೆ ಔಷಧ ಒಗ್ಗುವಂತಿದ್ದರೆ ಅದನ್ನೇ ಆರಿಸಿಕೊಳ್ಳುವುದು ಲೇಸು.

ಇವನ್ನು ಕೇಳಿ ಹೆದರಿ ಚಿಕಿತ್ಸೆಯನ್ನೇ ಬಿಡುವುದು ಇನ್ನೊಂದು ತಪ್ಪಾಗುತ್ತದೆ. ಚಿಕಿತ್ಸೆಯಿಲ್ಲದ ಸಂಧಿವಾತವೇ ಹೃದಯಕ್ಕೆ, ಎಲುಬಿಗೆ, ಬಾಳಿಗೆ ಹೆಚ್ಚಿನ ಕೇಡು. ಯಾರಿಗೆ ಯಾವುದು, ಎಷ್ಟು, ಎಂದಿನವರೆಗೆ ಎಂಬುದನ್ನು ತಜ್ಞರು ರೋಗಿಯ ವಯಸ್ಸು, ರಕ್ತಪರೀಕ್ಷೆ, ಇತರ ಕಾಯಿಲೆಗಳನ್ನು ತೂಗಿನೋಡಿ ನಿರ್ಧರಿಸುತ್ತಾರೆ.

ಭಕ್ತರು ಗಮನಿಸಬೇಕಾದ ಅಂಶಗಳು

1. ಕೈಬೆರಳು, ಮಣಿಕಟ್ಟು, ಪಾದದ ಕೀಲುಗಳು ಎರಡೂ ಕಡೆ ಊದಿಕೊಂಡು, ಬೆಳಗಿನ ಬಿಗಿತ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಉಳಿದು, ಆರು ವಾರ ಕಳೆದರೂ ತಗ್ಗದಿದ್ದರೆ ಸಂಧಿವಾತ ತಜ್ಞರನ್ನು ಕಾಣಬೇಕು. ಅವರು ದೊರೆಯದಿದ್ದರೆ ಎಂ.ಡಿ. ಪದವಿಯ ವೈದ್ಯರನ್ನಾದರೂ ಕಾಣಬೇಕು. ಇಎಸ್‌ಆರ್, ಸಿಆರ್‌ಪಿ, ರುಮಟಾಯ್ಡ್ ಅಂಶ, ಆಂಟಿ-ಸಿಸಿಪಿ ಎಂಬ ರಕ್ತಪರೀಕ್ಷೆಗಳಿಂದ ರೋಗನಿರ್ಣಯಕ್ಕೆ ನೆರವಾಗುತ್ತದೆ. ಮೊದಲ ಕೆಲವು ತಿಂಗಳಲ್ಲೇ ಚಿಕಿತ್ಸೆ ಆರಂಭವಾದರೆ ಕೀಲು ಉಳಿಯುವ ಸಾಧ್ಯತೆ ಬಹಳ ಹೆಚ್ಚು.

2. ಮೆಥೊಟ್ರೆಕ್ಸೇಟನ್ನು ಸಂಧಿವಾತಕ್ಕೆ ವಾರಕ್ಕೆ ಒಂದೇ ದಿನ ಸೇವಿಸಬೇಕು. ದಿನವೂ ಸೇವಿಸಿದರೆ ಪ್ರಾಣಾಪಾಯ. ಮನೆಯ ಹಿರಿಯರು ಈ ಮಾತ್ರೆ ಸೇವಿಸುತ್ತಿದ್ದರೆ ಯಾವ ವಾರ ಎಂಬುದನ್ನು ಪಂಚಾಂಗದ ಪಕ್ಕದಲ್ಲಿ ದೊಡ್ಡದಾಗಿ ಬರೆದಿಡಿರಿ. ಜೊತೆಗೆ ಬರೆದುಕೊಟ್ಟ ಫೋಲಿಕ್ ಆಮ್ಲದ ಮಾತ್ರೆಯನ್ನು ಬಿಡಬೇಡಿರಿ.

3. ಮೆಥೊಟ್ರೆಕ್ಸೇಟ್ ಆಗಲಿ ಜ್ಯಾಕ್ ತಡೆ ಮಾತ್ರೆಯಾಗಲಿ ಗರ್ಭಿಣಿಯರಿಗೆ ಸಲ್ಲದು. ಮಗುವನ್ನು ಬಯಸುವ ದಂಪತಿಗಳು ಮೊದಲೇ ವೈದ್ಯರಿಗೆ ತಿಳಿಸಿ ಔಷಧ ಬದಲಿಸಿಕೊಳ್ಳಬೇಕು.

4. ನೆರೆಮನೆಯವರಿಗೆ ಗುಣವಾಯಿತೆಂದು ಅದೇ ಮಾತ್ರೆಯನ್ನು ಅಂಗಡಿಯಿಂದ ತಂದು ನುಂಗಬಾರದು. ಸೇವಿಸುತ್ತಿರುವವರು ರಕ್ತಕಣ, ಯಕೃತ್ತು ಹಾಗೂ ಕೊಬ್ಬಿನ ಪರೀಕ್ಷೆಯನ್ನು ವೈದ್ಯರು ಹೇಳಿದ ಕಾಲಕ್ಕೆ ಮಾಡಿಸಬೇಕು. ಜ್ವರ, ಬಿಡದ ಕೆಮ್ಮು, ತೂಕ ಇಳಿಯುವುದು ಕಂಡರೆ ತಡಮಾಡಬಾರದು.

5. ಚೀಟಿ ಇಲ್ಲದ ಪುಡಿ, ಹೆಸರಿಲ್ಲದ ಗುಳಿಗೆಗಳಿಂದ ಎರಡೇ ದಿನದಲ್ಲಿ ನೋವು ಮಾಯವಾದರೆ ಅದರಲ್ಲಿ ಸ್ಟೆರಾಯ್ಡ್ ಬೆರೆತಿರಬಹುದೆಂಬ ಶಂಕೆ ಇರಲಿ. ಅದು ಎಲುಬನ್ನು ಟೊಳ್ಳುಮಾಡುತ್ತದೆ, ಸಕ್ಕರೆ ಕಾಯಿಲೆ ತರುತ್ತದೆ. ಬಹುದಿನ ಸೇವಿಸಿ ಥಟ್ಟನೆ ಬಿಟ್ಟರೂ ಅಪಾಯ.

6. ‘ರೋಗನಿರೋಧಕ ಶಕ್ತಿ ಹೆಚ್ಚಿಸುವ’ ಪದಾರ್ಥಗಳು ಎಲ್ಲರಿಗೂ ಹಿತವೆಂದು ತಿಳಿಯಬಾರದು. ಇಲ್ಲಿ ನಿರೋಧಕ ಶಕ್ತಿ ಈಗಾಗಲೇ ಅತಿಯಾಗಿದೆ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಸೇವಿಸಿದ ಕೆಲವರಲ್ಲಿ ಯಕೃತ್ತಿನ ಉರಿಯೂತ ಕಂಡುದನ್ನು ಮುಂಬಯಿಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಅವರಲ್ಲಿ ಸ್ವಯಂನಿರೋಧಕ ಕಾಯಿಲೆ ಇದ್ದವರೂ ಇದ್ದರು. ಆಯುಷ್ ಸಚಿವಾಲಯ ಆ ವರದಿಯನ್ನು ಒಪ್ಪಲಿಲ್ಲ. ವಾದ ಏನೇ ಇರಲಿ, ಇಂತಹ ಕಾಯಿಲೆ ಇರುವವರು ಯಾವ ಕಷಾಯವನ್ನಾಗಲಿ ವೈದ್ಯರಿಗೆ ತಿಳಿಸಿಯೇ ಸೇವಿಸುವುದು ಕ್ಷೇಮ.

7. ಬೀಡಿ, ಸಿಗರೇಟು ಬಿಡಬೇಕು. ಅದು ಕಾಯಿಲೆಯನ್ನು ತರುವುದಲ್ಲದೆ ಔಷಧದ ಅಪಾಯವನ್ನೂ ಹೆಚ್ಚಿಸುತ್ತದೆ. ಬದನೆಕಾಯಿ, ಆಲೂಗೆಡ್ಡೆ ತಿಂದದ್ದರಿಂದ ಈ ಕಾಯಿಲೆ ಬರುವುದಿಲ್ಲ. ಬಿಟ್ಟರೆ ಹೋಗುವುದೂ ಇಲ್ಲ. ಮಿತವಾದ ಪೌಷ್ಟಿಕ ಆಹಾರ, ಊತ ಇಳಿದ ಮೇಲೆ ನಿತ್ಯ ಲಘು ವ್ಯಾಯಾಮ ಇವು ಹಿತಕರ.

8. ಲಸಿಕೆಗಳ ಬಗೆಗೆ ಚಿಕಿತ್ಸೆಗೆ ಮೊದಲೇ ಕೇಳಿ ತಿಳಿಯಿರಿ. ಜೀವಂತ ರೋಗಾಣುಗಳ ಲಸಿಕೆಯನ್ನು ಈ ಔಷಧ ಸೇವಿಸುತ್ತಿರುವಾಗ ಹಾಕಿಸಿಕೊಳ್ಳುವಂತಿಲ್ಲ.

ಮನೆಯವರ ಪಾತ್ರವೂ ಇದರಲ್ಲಿ ದೊಡ್ಡದು. ಬೆಳಗ್ಗೆ ನೆಲದಿಂದ ಏಳಲಾರದ ಸೊಸೆ ಮಧ್ಯಾಹ್ನದ ಹೊತ್ತಿಗೆ ಓಡಾಡುವುದನ್ನು ಕಂಡು ‘ಕೆಲಸಗಳ್ಳಿ’ ಎಂದು ಹಂಗಿಸುವ ಅತ್ತೆಯರುಂಟು. ಬೆಳಗ್ಗೆ ಬಿಗಿತ, ಹೊತ್ತೇರಿದಂತೆ ಸಡಿಲಿಕೆ ಇದು ಈ ಕಾಯಿಲೆಯ ಸ್ವಭಾವವೇ ಹೊರತು ನಟನೆಯಲ್ಲ. ಹತ್ತಾರು ವರ್ಷ ಔಷಧ ಸೇವಿಸಬೇಕಾದವರಿಗೆ ಮಾತ್ರೆಯಷ್ಟೇ ಮುಖ್ಯವಾದದ್ದು ಮನೆಯವರ ನಂಬಿಕೆ. ಮುಂಜಾನೆಯ ಕೆಲಸಗಳನ್ನು ಹಂಚಿಕೊಂಡು, ಪರೀಕ್ಷೆಯ ದಿನ ಜೊತೆಗೆ ಹೋಗಿ, ವಾರದ ಮಾತ್ರೆಯನ್ನು ನೆನಪಿಸಿದರೆ ಅರ್ಧ ಚಿಕಿತ್ಸೆ ಮನೆಯಲ್ಲೇ ಆದಂತೆ.

ಇಂದು ಈ ಕಾಯಿಲೆಯನ್ನು ಬೇರುಸಹಿತ ಕೀಳುವ ಔಷಧವಿಲ್ಲ. ಆದರೆ ಹತೋಟಿಯಲ್ಲಿಟ್ಟು, ಬೆರಳು ಸೊಟ್ಟಗಾಗದಂತೆ ಕಾಪಾಡಿಕೊಂಡು, ತಮ್ಮ ಕಾಯಕವನ್ನು ತಾವೇ ಮಾಡುತ್ತ ಪೂರ್ಣ ಬಾಳನ್ನು ಬಾಳುವುದು ಬಹುಮಂದಿಗೆ ಸಾಧ್ಯವಾಗಿದೆ. ಅದಕ್ಕೆ ಬೇಕಾದದ್ದು ಎರಡು: ನೋವನ್ನು ವಯಸ್ಸಿನ ಮೇಲೆ ಹಾಕಿ ಕಾಲ ಕಳೆಯದಿರುವುದು, ದೊರೆತ ಔಷಧವನ್ನು ಅಳತೆಯರಿತು ಬಳಸುವುದು.